ಯಾರಿಗೆ ಬನ್ನಿ, ಯಾರಿಗೆ ಬಾ



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ವಯಸ್ಸಿಗೆ ತಕ್ಕ ಶಿಷ್ಟಾಚಾರ’ ಎಂದು ಅಚ್ಚು ಹಾಕಿಸಿದ್ದಾರೆ. ಹೆಸರು ನೋಡಿ ಒಂದು ಪಟ್ಟಿ ಸಿಗುತ್ತದೆ ಎಂದುಕೊಂಡು ಬಂದವರಿದ್ದರೆ ನಿರಾಸೆಯಾದೀತು. ಎರಡು ವರ್ಷಕ್ಕೆ ಇಂಥದ್ದು, ಐದಕ್ಕೆ ಇಂಥದ್ದು, ಹತ್ತಕ್ಕೆ ಇಂಥದ್ದು ಎನ್ನುವ ಪಟ್ಟಿಗಳು ಈಗ ಎಲ್ಲರ ಮೊಬೈಲಿಗೂ ಬಂದು ಬೀಳುತ್ತವೆ. ಹೆಚ್ಚಿನವು ಪ್ಲೀಸ್, ಥ್ಯಾಂಕ್ಯೂ, ಸಾರಿ ಎಂಬ ಮೂರು ಮಾತುಗಳನ್ನೇ ಸುತ್ತು ಹಾಕುತ್ತಿರುತ್ತವೆ. ಆ ಮೂರು ಮಾತು ಬಂದ ಮಾತ್ರಕ್ಕೆ ನಮ್ಮ ಊರಿನಲ್ಲಿ ಮಗು ಮರ್ಯಾದೆ ಕಲಿತ ಹಾಗಾಗುವುದಿಲ್ಲ. ‘ನೀರು ಕೊಡೇ, ಪ್ಲೀಸ್’ ಎಂದು ಮನೆಗೆಲಸದ ಹಿರಿಯ ಹೆಂಗಸಿಗೆ ಹೇಳುವ ಆರು ವರ್ಷದ ಮಗುವನ್ನು ನೀವೂ ನೋಡಿರುತ್ತೀರಿ. ಪ್ಲೀಸ್‌ನಲ್ಲಿ ಏನೂ ಕೊರತೆಯಿಲ್ಲ. ಎಡವಟ್ಟು ಇರುವುದು ಅದರ ಹಿಂದಿನ ‘ಕೊಡೇ’ಯಲ್ಲಿ.

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ತುದಿಯಲ್ಲಿ ಕೂತಿರುತ್ತದೆ. ಬಾ, ಬಾರೋ, ಬಾರೇ, ಬನ್ನಿ. ಧಾರವಾಡದ ಕಡೆ ಹೋದರೆ ಬರ್ರಿ. ಬಾಯಿ ತೆರೆದ ಮೇಲೆ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು, ನುಣುಚಿಕೊಳ್ಳಲು ಜಾಗವಿಲ್ಲ. ಎದುರಿಗೆ ಇಲ್ಲದವರ ಮಾತು ಬಂದಾಗಲೂ ಅಷ್ಟೇ. ನಾಲ್ಕು ವರ್ಷದ ಮಗುವಿನ ಬಾಯಲ್ಲಿ ಡಾಕ್ಟರು ‘ಬಂದ್ರು’, ಹಾಲಿನವನು ‘ಬಂದ’. ಬ್ಯಾಂಕಿನವರು, ಸ್ಕೂಲಿನವರು ಎನ್ನುವ ಅದೇ ಬಾಯಿ ಹೂವಿನವಳು, ತರಕಾರಿಯವನು, ಕೆಲಸದವಳು ಎನ್ನುತ್ತದೆ. ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿದ ಕೂಡಲೇ ಬಾಗಿಲಿಗೆ ಓಡಿ ‘ಅಮ್ಮಾ, ಕಸದವನು ಬಂದಾ’ ಎಂದು ಕೂಗುತ್ತದೆ. ಇದನ್ನು ಯಾರೂ ಕೂರಿಸಿಕೊಂಡು ಕಲಿಸಿಲ್ಲ. ಯಾವ ಕಸುಬಿಗೆ ‘ವರು’, ಯಾವ ಕಸುಬಿಗೆ ‘ವನು’ ಎಂಬ ಲೆಕ್ಕ ಅದಕ್ಕೆ ಅಕ್ಷರ ಬರುವ ಮೊದಲೇ ಬಂದಿರುತ್ತದೆ.

ಹಾಗಾಗಿ ಈಗಿನ ಮಕ್ಕಳಿಗೆ ಮರ್ಯಾದೆಯೇ ಗೊತ್ತಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಚೆನ್ನಾಗಿಯೇ ಗೊತ್ತಿದೆ. ಯಾರಿಗೆ ಕೊಡಬೇಕು ಎಂಬುದೂ ಗೊತ್ತಿದೆ, ಯಾರಿಗೆ ಕೊಡದಿದ್ದರೆ ನಡೆಯುತ್ತದೆ ಎಂಬುದೂ ಗೊತ್ತಿದೆ. ಮರ್ಯಾದೆ ಕಲಿಸುವುದು ಎಂದರೆ ಈ ಎರಡನೆಯ ತಿಳಿವಳಿಕೆಯನ್ನು ಅಳಿಸುವ ಕೆಲಸ ಎಂದು ನಾನು ತಿಳಿದಿದ್ದೇನೆ. ಪ್ರತಿ ವಯಸ್ಸೂ ಅದಕ್ಕೆ ಒಂದು ಅವಕಾಶ ಕೊಡುತ್ತದೆ. ನಾವು ಆ ಅವಕಾಶವನ್ನು ಬಿಟ್ಟು ಆ ವಯಸ್ಸಿಗೆ ಒಗ್ಗದ ಇನ್ಯಾವುದೋ ಪಾಠಕ್ಕೆ ಗಂಟು ಬೀಳುತ್ತೇವೆ.

ಒಂದು ತಪ್ಪು ತಿಳಿವಳಿಕೆ ಬೇಡ. ಏಕವಚನವೆಲ್ಲ ಅವಮಾನವಲ್ಲ. ಎಷ್ಟೋ ಮನೆಗಳಲ್ಲಿ ಅಪ್ಪ ‘ಬಂದ್ರು’, ಅಮ್ಮ ‘ಬಂದ್ಲು’. ದೇವರನ್ನು ನಾವು ‘ನೀನು’ ಎಂದೇ ಕರೆಯುವುದು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಅಪ್ಪನಿಗೂ ‘ಬಾ’ ಎನ್ನುವವರಿದ್ದಾರೆ, ಆ ಮನೆಗಳಲ್ಲಿ ಅಪ್ಪನಿಗೆ ಗೌರವ ಕಡಿಮೆ ಎಂದು ಯಾರೂ ಹೇಳಲಾರರು. ನನ್ನ ತಕರಾರು ಒಮ್ಮುಖದ ಏಕವಚನದ ಮೇಲೆ, ಎದುರಿನವರು ಅದನ್ನು ಹಿಂದಿರುಗಿಸಲಾರದ ಕಡೆ ಬಳಸುವ ಏಕವಚನದ ಮೇಲೆ. ಕುವೆಂಪು ಅವರ ಮಲೆನಾಡಿನ ಕಾದಂಬರಿಗಳನ್ನು ಓದಿದವರಿಗೆ ಗೌಡರ ಮನೆಯ ಸಣ್ಣ ಹುಡುಗರನ್ನೂ ಆಳುಮಕ್ಕಳು ‘ಅಯ್ಯಾ’ ಎಂದು ಕರೆಯುವುದು ನೆನಪಿರುತ್ತದೆ. ಮೈಸೂರು ಸೀಮೆಯಲ್ಲಿ ಅದು ‘ಬುದ್ಧಿ’, ಕರಾವಳಿಯಲ್ಲಿ ‘ಸಣ್ಣ ದಣಿ’. ಹತ್ತು ವರ್ಷದ ಹುಡುಗ ಅರವತ್ತು ವರ್ಷದವನಿಗೆ ‘ಬಾರೋ’ ಎನ್ನುತ್ತಿದ್ದ, ಅರವತ್ತು ವರ್ಷದವನು ಅವನಿಗೆ ‘ಬನ್ನಿ ಬುದ್ಧಿ’ ಎನ್ನುತ್ತಿದ್ದ. ಊರಿನ ಕಣ್ಣಿಗೆ ಆ ಹುಡುಗ ಮರ್ಯಾದಸ್ಥನೇ ಆಗಿದ್ದ, ದೊಡ್ಡವರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದನಲ್ಲ. ಬಸವಣ್ಣನವರು 12ನೇ ಶತಮಾನದಲ್ಲೇ ಒಂದು ವಚನವನ್ನು ಪೂರ್ತಿಯಾಗಿ ಎದುರಿಗೆ ಬಂದವರನ್ನು ಮಾತಾಡಿಸುವ ರೀತಿಗೇ ಮೀಸಲಿಟ್ಟಿದ್ದಾರೆ. ಬಂದವರ ಕ್ಷೇಮ ವಿಚಾರಿಸಿ ಕೂರಲು ಹೇಳಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂಬುದು ಅದರ ತಾತ್ಪರ್ಯ. ಅಲ್ಲಿ ಬಂದವರು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಮಕ್ಕಳು ಏಕವಚನ ಬಹುವಚನಗಳ ಈ ಲೆಕ್ಕವನ್ನು ಕಲಿಯುವುದು ಕೇಳಿಸಿಕೊಂಡು ಎನ್ನುವುದಕ್ಕೆ ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಬೆಳೆಯುವ ಕನ್ನಡದ ಮಕ್ಕಳೇ ಸಾಕ್ಷಿ. ರಜೆಗೆ ಬಂದ ಮೊಮ್ಮಗಳು ‘ತಾತಾ, ನೀನು ಇಲ್ಲಿ ಕೂತ್ಕೋ’ ಎನ್ನುತ್ತಾಳೆ. ಎದುರು ಮನೆಯ ನಿವೃತ್ತ ಮೇಷ್ಟ್ರಿಗೂ ಅದೇ ‘ನೀನು’. ನೆಂಟರು ಹುಬ್ಬೇರಿಸುತ್ತಾರೆ, ಮಗಳೋ ಸೊಸೆಯೋ ಮುಖ ತಗ್ಗಿಸುತ್ತಾರೆ. ಆದರೆ ಆ ಮಗು ಹುಟ್ಟಿದಾಗಿನಿಂದ ಕೇಳಿದ ಕನ್ನಡವೆಲ್ಲ ಅಪ್ಪ ಅಮ್ಮ ತನಗೆ ಆಡಿದ್ದು: ಬಾ, ತಿನ್ನು, ಮಲಗು, ಬೇಗ ಹೊರಡು. ಅವರು ಮೂರನೆಯವರ ಜೊತೆ ಕನ್ನಡದಲ್ಲಿ ಮಾತಾಡಿದ್ದನ್ನು ಕೇಳಿರುವುದೇ ಅಪರೂಪ. ಕೇಳದ ಬಹುವಚನ ನಾಲಗೆಗೆ ಎಲ್ಲಿಂದ ಬರಬೇಕು? ವಾರಾಂತ್ಯದ ಕನ್ನಡ ತರಗತಿಯಲ್ಲಿ ‘ನೀನು – ನೀವು’ ಎಂದು ಪಟ್ಟಿ ಬರೆಸುತ್ತಾರೆ, ಬರೆಸಲಿ. ಅದಕ್ಕಿಂತ, ಅಜ್ಜಿ ಬಂದವರನ್ನು ಒಳಗೆ ಕರೆದು ಮಾತಾಡಿಸುವ ಮನೆಯಲ್ಲಿ ಒಂದು ತಿಂಗಳು ಇದ್ದರೆ ಹೆಚ್ಚು ಬರುತ್ತದೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಅಪ್ಪ ಅಮ್ಮ ಮಗು ಮೂವರೇ ಇರುವ ಮನೆಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ.

ಪಪುವಾ ನ್ಯೂಗಿನಿಯ ಕಾಡಿನಲ್ಲಿ ಕಲುಲಿ ಎಂಬ ಜನರಿದ್ದಾರೆ. ಬಾಂಬಿ ಶೀಫೆಲಿನ್ ಎಂಬ ಮಾನವಶಾಸ್ತ್ರಜ್ಞೆ ಅವರ ಮಕ್ಕಳು ಮಾತು ಕಲಿಯುವುದನ್ನು ಹತ್ತಿರದಿಂದ ನೋಡಿ 1990ರಲ್ಲಿ ಪುಸ್ತಕ ಪ್ರಕಟಿಸಿದರು. ಅಲ್ಲಿನ ತಾಯಿ, ಮಗು ಮೂರನೆಯವರಿಗೆ ಆಡಬೇಕಾದ ಮಾತನ್ನು ತಾನೇ ಆಡಿ, ಕೊನೆಗೆ ‘ಎಲೆಮಾ’ ಎನ್ನುತ್ತಾಳೆ. ಹೀಗನ್ನು ಎಂದರ್ಥ. ನಮ್ಮ ‘ತಾತಂಗೆ ಬನ್ನಿ ಅನ್ನು ಪುಟ್ಟಾ’ ಇದೇ ತಾನೆ. ನನಗೆ ಅದರಲ್ಲಿ ಕುತೂಹಲ ಹುಟ್ಟಿಸಿದ ಸಂಗತಿ ಬೇರೆ. ಎಲೆಮಾ ಎಂದು ಹೇಳಿಸುವ ಮಾತುಗಳಲ್ಲಿ ವಿನಯಕ್ಕೆ ದೊಡ್ಡ ಜಾಗವಿಲ್ಲ. ಇದು ನಿನ್ನದಲ್ಲ, ಕೊಡು ಇಲ್ಲಿ, ನಾಚಿಕೆಯಿಲ್ಲವಾ ನಿನಗೆ ಎಂಬಂಥ ದಬಾಯಿಸುವ, ಕೀಟಲೆಯ ಮಾತುಗಳೂ ಧಾರಾಳವಾಗಿವೆ. ಯಾರಿಗೆ ಬಗ್ಗಬೇಕು ಎಂಬುದರ ಜೊತೆಗೆ ಯಾರ ಮೇಲೆ ಏರಬೇಕು ಎಂಬುದನ್ನೂ ತಾಯಿ ಬಾಯಿಪಾಠ ಮಾಡಿಸುತ್ತಾಳೆ. ನಾವೂ ಎರಡನ್ನೂ ಹೇಳಿಕೊಡುತ್ತೇವೆ. ಎರಡನೆಯದನ್ನು ಹೇಳಿಕೊಡುತ್ತಿದ್ದೇವೆ ಎಂಬ ಅರಿವು ಕಲುಲಿ ತಾಯಿಗೆ ಇದೆ, ನಮಗೆ ಇಲ್ಲ.

ಇನ್ನು ವಯಸ್ಸುಗಳ ಮಾತಿಗೆ ಬರುತ್ತೇನೆ.

ವರ್ಷ ತುಂಬುವ ಹೊತ್ತಿಗೆ ಟಾಟಾ ಮಾಡು, ಚಾಮಿ ಮಾಡು ಶುರುವಾಗುತ್ತದೆ. ಅದು ಆಟ, ಆಟವಾಗಿಯೇ ಇರಲಿ. ಬಂದವರ ಮುಂದೆ ಕೈ ಮುಗಿಯಲಿಲ್ಲ ಎಂದು ಆ ವಯಸ್ಸಿನ ಮಗುವಿಗೆ ಗದರುವವರನ್ನು ನೋಡಿದರೆ ಮಗುವಿಗಿಂತ ಅವರ ಮೇಲೇ ಕನಿಕರ ಬರುತ್ತದೆ. ಆ ವಯಸ್ಸಿನ ನಿಜವಾದ ಸಂಪತ್ತು ಬೇರೊಂದಿದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಸೆಲ್ಲೊ 18 ತಿಂಗಳ ಮಕ್ಕಳ ಮುಂದೆ ಸಣ್ಣಪುಟ್ಟ ಫಜೀತಿಗಳನ್ನು ನಟಿಸಿ ನೋಡಿದರು. ಬಟ್ಟೆ ಒಣಹಾಕುವವನ ಕೈಯಿಂದ ಕ್ಲಿಪ್ಪು ಬೀಳುತ್ತದೆ, ಎಟುಕುವುದಿಲ್ಲ. ಎರಡು ಕೈ ತುಂಬ ಪುಸ್ತಕ ಹಿಡಿದವನಿಗೆ ಬೀರುವಿನ ಬಾಗಿಲು ತೆಗೆಯಲಾಗುವುದಿಲ್ಲ. ಯಾರೂ ಕೇಳಿಕೊಳ್ಳದೆ, ಏನೂ ಕೊಡುತ್ತೇನೆನ್ನದೆ, ಬಹುಪಾಲು ಮಕ್ಕಳು ಒಂದಲ್ಲ ಒಂದು ಸಲ ನೆರವಿಗೆ ಹೋದವು. ಇದು 2006ರಲ್ಲಿ ಪ್ರಕಟವಾಯಿತು. ಎರಡು ವರ್ಷದ ನಂತರ ಅವರೇ 20 ತಿಂಗಳ ಮಕ್ಕಳ ಮೇಲೆ ಇನ್ನೊಂದು ಪ್ರಯೋಗ ಮಾಡಿದರು. ನೆರವಾದಾಗಲೆಲ್ಲ ಏನಾದರೂ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಂತ ಮೇಲೆ ನೆರವಾಗುವುದನ್ನು ಕಡಿಮೆ ಮಾಡಿದವು. ಚಾಕಲೇಟು ತೋರಿಸಿ ನಮಸ್ಕಾರ ಮಾಡಿಸುವವರು ಇದನ್ನು ಗಮನಿಸಬಹುದು.

ನಮ್ಮ ಮನೆಗಳಲ್ಲೂ ಒಂದೂವರೆ ವರ್ಷದ ಮಗು ಪೊರಕೆ ಹಿಡಿದು ಓಡಾಡುತ್ತದೆ. ಚಪಾತಿ ಹಿಟ್ಟಿಗೆ ಕೈ ಹಾಕುತ್ತದೆ, ನೆಲ ಒರೆಸುವ ಬಟ್ಟೆಯನ್ನು ಬಕೆಟ್ಟಿನಿಂದ ಎಳೆಯುತ್ತದೆ. ಆಗ ನಾವು ಹೇಳುವ ಮಾತು ಯಾವುದು? ‘ಛೀ, ಬಿಡು ಅದನ್ನ, ಅವಳು ಗುಡಿಸ್ತಾಳೆ.’ ಆ ಸಣ್ಣ ವಾಕ್ಯದಲ್ಲಿ ಮೂರು ಪಾಠಗಳಿವೆ: ಪೊರಕೆ ಹೊಲಸು, ಗುಡಿಸುವುದು ಇನ್ಯಾರದೋ ಕೆಲಸ, ಆ ಇನ್ಯಾರೋ ಎಂಬವಳು ‘ಅವಳು’. ಆ ವಯಸ್ಸಿನಲ್ಲಿ ಬೇರೇನೂ ಕಲಿಸದಿದ್ದರೂ ಪರವಾಗಿಲ್ಲ, ಪೊರಕೆಯನ್ನು ಕಿತ್ತುಕೊಳ್ಳಬೇಡಿ. ನೆಲ ಇನ್ನಷ್ಟು ಕೊಳೆಯಾಗುತ್ತದೆ ನಿಜ.

ಎರಡು ಮೂರು ವರ್ಷದ ಮಕ್ಕಳಿಗೆ ನಾವು ಕೊಡುವ ಹಿಂಸೆ ಎರಡು. ಒಂದು ‘ಆಂಟಿಗೆ ರೈಮ್ಸ್ ಹೇಳು’. ಇನ್ನೊಂದು ‘ಮಾಮಂಗೆ ಮುತ್ತು ಕೊಡು’. ಮೊದಲನೆಯದು ಬರೀ ಕಿರಿಕಿರಿ. ಎರಡನೆಯದನ್ನು ಮನೆಗಳಿಂದ ಪೂರ್ತಿ ಎತ್ತಿಹಾಕಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆ 2012ರಲ್ಲಿ ಬಂತು. ಒಳ್ಳೆಯ ಸ್ಪರ್ಶ ಕೆಟ್ಟ ಸ್ಪರ್ಶ ಎಂದು ಈಗ ಶಾಲೆಗಳಲ್ಲಿ ಚಿತ್ರ ತೋರಿಸಿ ಹೇಳಿಕೊಡುತ್ತಾರೆ. ಮಗು ‘ಒಲ್ಲೆ’ ಎಂದು ಸೆರಗು ಹಿಡಿದು ಹಿಂದೆ ಸರಿದಾಗ, ನೆಂಟರು ಏನೆಂದುಕೊಂಡಾರು ಎಂದು ಅದನ್ನು ಮುಂದಕ್ಕೆ ದೂಡುವ ಮನೆಯಲ್ಲಿ ಆ ಚಿತ್ರಕ್ಕೆ ಏನು ಬೆಲೆ? ದೊಡ್ಡವರಿಗೆ ಮಗು ತೋರಬೇಕಾದ ಗೌರವದ ಪಟ್ಟಿಯಲ್ಲಿ ಅದರ ಮೈ ಸೇರುವುದಿಲ್ಲ. ದೂರದಿಂದ ಕೈ ಮುಗಿದರೆ ಸಾಕು, ನಮ್ಮ ನಮಸ್ಕಾರದ ದೊಡ್ಡ ಅನುಕೂಲವೇ ಅದು.

ನಾಲ್ಕನೆಯ ವರ್ಷದ ಹತ್ತಿರ ಮಗುವಿನ ತಲೆಯಲ್ಲಿ ಒಂದು ಬಾಗಿಲು ತೆರೆಯುತ್ತದೆ. 1983ರಲ್ಲಿ ಆಸ್ಟ್ರಿಯಾದ ಹೈನ್ಸ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ ಮಕ್ಕಳಿಗೆ ಒಂದು ಸಣ್ಣ ಕಥೆ ಹೇಳಿ ಪ್ರಶ್ನೆ ಕೇಳಿದರು. ಮ್ಯಾಕ್ಸಿ ಎಂಬ ಹುಡುಗ ಚಾಕಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅಮ್ಮ ಅದನ್ನು ತೆಗೆದು ಇನ್ನೊಂದರಲ್ಲಿಡುತ್ತಾಳೆ. ಮ್ಯಾಕ್ಸಿ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದವರು ಚಾಕಲೇಟು ಈಗ ಇರುವ ಕಪಾಟನ್ನು ತೋರಿಸುತ್ತಾರೆ. ನಾಲ್ಕು ಐದು ದಾಟಿದವರು ಮ್ಯಾಕ್ಸಿ ಇಟ್ಟಿದ್ದ ಕಪಾಟನ್ನು ತೋರಿಸತೊಡಗುತ್ತಾರೆ. ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿರಬಹುದು, ತನಗೆ ಅನಿಸದ್ದು ಅವರಿಗೆ ಅನಿಸಬಹುದು ಎಂಬ ಅರಿವು ಇದು. ಅದಕ್ಕೆ ಮುಂಚೆ ‘ಅವರಿಗೆ ಬೇಜಾರಾಗುತ್ತೆ ಕಣೋ’ ಎಂಬ ಮಾತು ಮಗುವಿಗೆ ಅರ್ಧವಷ್ಟೇ ತಲುಪುತ್ತದೆ.

ಬಸ್ಸಿನಲ್ಲಿ ‘ಅಮ್ಮಾ, ಇವರ ಹೊಟ್ಟೆ ಯಾಕಿಷ್ಟು ದಪ್ಪ’ ಎಂದು ಗಟ್ಟಿಯಾಗಿ ಕೇಳುವ ವಯಸ್ಸೂ ಇದೇ. ತೊಡೆ ಚಿವುಟುವುದು ನಮ್ಮ ಸಾಂಪ್ರದಾಯಿಕ ಉತ್ತರ. ಮಗುವಿಗೆ ಏಕೆ ಚಿವುಟಿದರೆಂದು ತಿಳಿಯುವುದಿಲ್ಲ, ದಪ್ಪ ಎನ್ನುವುದೇ ಬೈಗುಳ ಎಂದುಕೊಳ್ಳುತ್ತದೆ. ಮನೆಗೆ ಬಂದ ಮೇಲೆ, ನಿನ್ನ ಉಬ್ಬು ಹಲ್ಲನ್ನು ಯಾರಾದರೂ ಎಲ್ಲರೆದುರು ಹಾಗೆ ಕೇಳಿದರೆ ಹೇಗಿರುತ್ತೆ ಎಂದು ಕೇಳಿದರೆ ಈ ವಯಸ್ಸಿನಲ್ಲಿ ಅರ್ಥವಾಗುತ್ತದೆ. ಮಕ್ಕಳು ಇದನ್ನು ಎಷ್ಟು ಬೇಗ ಹಿಡಿಯುತ್ತಾರೆ ಎಂಬುದಕ್ಕೆ ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ 2002ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ಮೂಗಿನ ಮೇಲೆ ಕೆಂಪು ಗುರುತು ಹಾಕಿಕೊಂಡ ಒಬ್ಬರು ಫೋಟೊ ತೆಗೆಸಿಕೊಳ್ಳುವ ಮೊದಲು ‘ನಾನು ಚೆನ್ನಾಗಿ ಕಾಣ್ತಿದ್ದೀನಾ’ ಎಂದು ಕೇಳಿದಾಗ, ಮೂರರಿಂದ ಏಳು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಹೂಂ ಎಂದರು. ಅವರು ಅತ್ತ ಹೋದ ಮೇಲೆ ಬೇರೆಯವರ ಬಳಿ ನಿಜ ಹೇಳಿದರು.

ಇದೇ ವಯಸ್ಸಿನಲ್ಲಿ ‘ಏನ್ ಹೇಳ್ಬೇಕು?’ ಎಂಬ ಪ್ರಶ್ನೆಯೂ ಬೆನ್ನು ಹತ್ತುತ್ತದೆ. ಬಂದವರು ಬಿಸ್ಕತ್ತಿನ ಪೊಟ್ಟಣ ಕೊಡುತ್ತಾರೆ, ಮಗು ಕೈ ಚಾಚುತ್ತದೆ, ಹಿಂದಿನಿಂದ ಅಮ್ಮ ‘ಏನ್ ಹೇಳ್ಬೇಕು ಪುಟ್ಟಾ?’ ಅಮೆರಿಕದಲ್ಲಿ ಎಸ್ತರ್ ಗ್ರೈಫ್ ಮತ್ತು ಜೀನ್ ಬರ್ಕೊ ಗ್ಲೀಸನ್ 1980ರಲ್ಲಿ ಇದನ್ನೇ ಅಭ್ಯಾಸ ಮಾಡಿದರು. ಉಡುಗೊರೆ ಪಡೆದ ಮಕ್ಕಳಲ್ಲಿ ತಾವಾಗಿ ಥ್ಯಾಂಕ್ಸ್ ಎಂದವರು ತೀರಾ ಕಡಿಮೆ, ಅಪ್ಪ ಅಮ್ಮ ಹೇಳಿಸಿದಾಗ ಹೆಚ್ಚಿನವರು ಹೇಳಿದರು. ಹೇಳಿಸುವುದರಲ್ಲಿ ಅಪ್ಪ ಅಮ್ಮ ಇಬ್ಬರೂ ಮುಂದು, ಆದರೆ ತಾವೇ ಥ್ಯಾಂಕ್ಸ್ ಹೇಳುವುದರಲ್ಲಿ ಅಪ್ಪಂದಿರು ಅಮ್ಮಂದಿರಿಗಿಂತ ಹಿಂದೆ. ಈ ಸಭೆಯಲ್ಲಿರುವ ಅಪ್ಪಂದಿರು ನಗುತ್ತಿದ್ದಾರೆ. ನಮ್ಮಲ್ಲಿ ಮನೆಯೊಳಗೆ ಬಾಯಿ ಬಿಟ್ಟು ಕೃತಜ್ಞತೆ ಹೇಳುವ ರೂಢಿ ಇರಲಿಲ್ಲ. ಬಲಗೈಯಲ್ಲಿ, ಹಿರಿಯರಿಂದಾದರೆ ಎರಡೂ ಕೈಯಲ್ಲಿ ತೆಗೆದುಕೊಳ್ಳುವುದರಲ್ಲೇ ಅದು ಸಂದುಹೋಗುತ್ತಿತ್ತು. (ಎಡಚ ಮಕ್ಕಳು ಈ ನಿಯಮಕ್ಕಾಗಿ ತಿಂದ ಪೆಟ್ಟಿಗೆ ಲೆಕ್ಕವಿಲ್ಲ. ಎರಡೂ ಕೈ ಎಂಬ ಪದ್ಧತಿ ಇರುವಾಗ ಆ ಪೆಟ್ಟು ಬೇಕೇ ಇರಲಿಲ್ಲ.) ಥ್ಯಾಂಕ್ಸ್ ಬಂದಿದೆ, ಇರಲಿ. ಆದರೆ ಬಿಸ್ಕತ್ತು ಕೊಟ್ಟ ಆಂಟಿಗೆ ಹೇಳಿಸುವ ತಾಯಿ, ಅದೇ ಮಗುವಿನ ಶೂ ಲೇಸು ಕಟ್ಟಿ ಬಸ್ಸಿನಿಂದ ಇಳಿಸುವ ಶಾಲಾ ವಾಹನದ ಆಯಾಗೆ ಹೇಳಿಸುವುದಿಲ್ಲ.

ಆಯಾ ಎಂದ ಕೂಡಲೇ ಅಂಗನವಾಡಿ ನೆನಪಾಗುತ್ತದೆ. ಅಂಗನವಾಡಿಗಳನ್ನು ತಂದ, 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಹಳ್ಳಿಯ ಎಷ್ಟೋ ಮಕ್ಕಳಿಗೆ ಮನೆಯಾಚೆಯ ಮೊದಲ ಜಗತ್ತು ಅಂಗನವಾಡಿಯೇ. ಅಲ್ಲಿ ಇಬ್ಬರು ಹೆಂಗಸರಿರುತ್ತಾರೆ. ಒಬ್ಬರು ಟೀಚರ್, ಇನ್ನೊಬ್ಬರು ಸಹಾಯಕಿ. ಹಾಡು ಹೇಳಿಕೊಡುವವರು ಒಬ್ಬರು, ಅಡುಗೆ ಮಾಡಿ ಮೂಗು ಒರೆಸಿ ಚಡ್ಡಿ ಬದಲಿಸುವವರು ಇನ್ನೊಬ್ಬರು. ಮಕ್ಕಳು ಈ ಇಬ್ಬರನ್ನೂ ಒಂದೇ ಥರ ಕರೆಯುವ ಅಂಗನವಾಡಿ ಎಲ್ಲಾದರೂ ಇದ್ದರೆ, ಅಲ್ಲಿನ ಟೀಚರ್ ತಮ್ಮ ಸಹಾಯಕಿಯನ್ನು ಎಲ್ಲರೆದುರು ‘ಅಕ್ಕಾ ಬನ್ನಿ’ ಎನ್ನುವವರು ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದು.

ಆರರಿಂದ ಒಂಬತ್ತು ನನಗೆ ಪ್ರಿಯವಾದ ವಯಸ್ಸು, ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಸ್ವಿಟ್ಜರ್‌ಲ್ಯಾಂಡಿನ ಜೀನ್ ಪಿಯಾಜೆ 1932ರಲ್ಲಿ ಮಕ್ಕಳ ನೈತಿಕ ವಿವೇಚನೆಯ ಬಗ್ಗೆ ಪುಸ್ತಕ ತಂದರು. ಅದಕ್ಕಾಗಿ ಅವರು ಮಾಡಿದ ಮೊದಲ ಕೆಲಸವೆಂದರೆ ಹುಡುಗರ ಜೊತೆ ಗೋಲಿ ಆಡುತ್ತ, ಈ ನಿಯಮ ಯಾರು ಮಾಡಿದ್ದು, ಬದಲಾಯಿಸಬಹುದಾ ಎಂದು ಕೇಳಿದ್ದು. ಅವರದೇ ಇನ್ನೊಂದು ಪ್ರಶ್ನೆ ಪ್ರಸಿದ್ಧ. ಊಟಕ್ಕೆ ಕರೆದರೆಂದು ಬಾಗಿಲು ತಳ್ಳಿಕೊಂಡು ಬಂದ ಹುಡುಗ, ಬಾಗಿಲ ಹಿಂದೆ ಇದ್ದದ್ದು ಗೊತ್ತಿಲ್ಲದೆ ಹದಿನೈದು ಬಟ್ಟಲು ಒಡೆದ. ಇನ್ನೊಬ್ಬ ಅಮ್ಮ ಇಲ್ಲದಾಗ ಜಾಮ್ ಕದಿಯಲು ಹೋಗಿ ಒಂದು ಬಟ್ಟಲು ಒಡೆದ. ಯಾರದು ದೊಡ್ಡ ತಪ್ಪು? ಚಿಕ್ಕವರು ಹದಿನೈದು ಒಡೆದವನದೇ ಎಂದರು, ಸ್ವಲ್ಪ ದೊಡ್ಡವರು ಜಾಮಿನ ಕಳ್ಳನನ್ನು ಹಿಡಿದರು. ಈ ವಯಸ್ಸಿನಲ್ಲಿ ಆಗುವ ಬದಲಾವಣೆ ಇದು. ಒಡೆದ ಲೋಟ ಎಷ್ಟು ಎಂದು ಎಣಿಸಿ ಬೈಯುವ ಅಪ್ಪ, ಆರು ವರ್ಷದ ಮಗುವಿನ ತರ್ಕವನ್ನು ನಲವತ್ತರಲ್ಲೂ ಉಳಿಸಿಕೊಂಡಿದ್ದಾನೆ.

ನಿಯಮದ ಹುಚ್ಚು ಹಿಡಿಯುವ ವಯಸ್ಸೂ ಇದೇ. ‘ಮಿಸ್, ಇವ್ನು ಕೈ ತೊಳೆದಿಲ್ಲ’, ‘ಮಿಸ್, ಇವ್ಳು ನಂಗೆ ಲೇ ಅಂದ್ಲು’. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಮಾಡಿದವಳಾಗಿ ಹೇಳುತ್ತೇನೆ, ಎರಡನೆಯ ತರಗತಿಯಷ್ಟು ಪೊಲೀಸರು ಯಾವ ಠಾಣೆಯಲ್ಲೂ ಇಲ್ಲ. ಹಾಲೆಂಡಿನ ಎರಾಸ್ಮಸ್ 1530ರಲ್ಲಿ ಹುಡುಗರ ನಡವಳಿಕೆಯ ಮೇಲೆ ಒಂದು ಸಣ್ಣ ಲ್ಯಾಟಿನ್ ಪುಸ್ತಕ ಬರೆದರು, ಯುರೋಪಿನ ಮಕ್ಕಳು ಬಹುಕಾಲ ಅದನ್ನು ಓದಿದರು. ಮೂಗು ಹೇಗೆ ಒರೆಸಬೇಕು, ಊಟಕ್ಕೆ ಹೇಗೆ ಕೂರಬೇಕು ಎಂದೆಲ್ಲ ಹೇಳಿದ ಮೇಲೆ ಕೊನೆಯಲ್ಲಿ ಅವರು, ತಾನು ತಪ್ಪದೆ ನಡೆದೂ ಇತರರ ತಪ್ಪನ್ನು ಕ್ಷಮಿಸಿಬಿಡುವುದು ಎಲ್ಲಕ್ಕಿಂತ ದೊಡ್ಡ ಸೌಜನ್ಯ ಎನ್ನುತ್ತಾರೆ. ಚಾಡಿ ತಂದ ಮಗುವಿಗೆ ‘ನೀನು ತೊಳೆದೆಯಾ? ಸರಿ, ಅವನಿಗೊಂದು ಚೊಂಬು ನೀರು ಹಾಕು’ ಎಂದರೆ ಇಷ್ಟು ಉದ್ದದ ಮಾತಿನ ಅಗತ್ಯವಿಲ್ಲ. ಹಾಗೇ, ತಪ್ಪು ಮಾಡಿದ ಮಗುವನ್ನು ತರಗತಿಯ ಮುಂದೆ ನಿಲ್ಲಿಸಿ ನಗಿಸುವ ಚಾಳಿಯನ್ನು ಶಿಕ್ಷಕ ಮಿತ್ರರು ಬಿಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪೆಟ್ಟನ್ನು ಮಾತ್ರ ನಿಷೇಧಿಸಿಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅವಮಾನ ಮಾಡಿ ಮರ್ಯಾದೆ ಕಲಿಸುವುದು ಹೇಗೆ ಸಾಧ್ಯವೋ ನನಗೆ ಇವತ್ತಿಗೂ ತಿಳಿದಿಲ್ಲ.

ಈ ವಯಸ್ಸಿನ ಮಕ್ಕಳಿಗೆ ನಮ್ಮಲ್ಲಿರುವ ಅತ್ಯುತ್ತಮ ಪಾಠಶಾಲೆ ಊಟದ ಪಂಕ್ತಿ. ಎಲ್ಲರಿಗೂ ಬಡಿಸುವ ತನಕ ಅನ್ನ ಕಲಸದಿರುವುದು, ಪಕ್ಕದವರ ಊಟ ಮುಗಿಯುವ ಮುನ್ನ ಏಳದಿರುವುದು, ಎಲೆಯಲ್ಲಿ ಬಿಡದಿರುವುದು, 'ಸಾಕು' ಎನ್ನಲು ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು. ಇವೆಲ್ಲ ಉಣ್ಣುವವರ ಪಾಠ. ಬಡಿಸುವವರ ಪಾಠ ಇದಕ್ಕಿಂತ ದೊಡ್ಡದು. ಮದುವೆಯಲ್ಲೋ ಜಾತ್ರೆಯ ದಾಸೋಹದಲ್ಲೋ ಏಳೆಂಟು ವರ್ಷದ ಹುಡುಗನ ಕೈಗೆ ಉಪ್ಪಿನ ಬಟ್ಟಲನ್ನೋ ನೀರಿನ ಜಗ್ಗನ್ನೋ ಕೊಟ್ಟು ನೋಡಿ. ಸಾಲಿನ ಈ ತುದಿಯಿಂದ ಆ ತುದಿಗೆ ಬಗ್ಗಿ ಬಗ್ಗಿ ಹೋಗಬೇಕು. ಎಲೆ ಯಾರದೆಂದು ನೋಡಿ ನಿಲ್ಲುವ ಹಾಗಿಲ್ಲ, ಒಬ್ಬರನ್ನು ದಾಟಿದರೆ ಅವರು ಕರೆದು ಕೇಳುತ್ತಾರೆ. ‘ನೀರು ಬೇಕಾ’ ಎಂದು ಶುರು ಮಾಡಿದ ಹುಡುಗ ಹತ್ತು ಎಲೆ ದಾಟುವಷ್ಟರಲ್ಲಿ ‘ನೀರು ಹಾಕ್ಲಾ’ ಎಂದು ಕೇಳುವುದನ್ನು ಕಲಿತಿರುತ್ತಾನೆ. ಹೆಣ್ಣುಮಕ್ಕಳಿಗೆ ಈ ಕೆಲಸವನ್ನು ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದೇವೆ, ಹುಡುಗರಿಗೆ ಕೊಟ್ಟಿಲ್ಲ. ಅವರ ನಡತೆಯ ಬಗ್ಗೆ ಬರುವ ದೂರುಗಳಲ್ಲಿ ಅರ್ಧದಷ್ಟರ ಬೇರು ಇಲ್ಲಿದೆ ಎಂದು ನನ್ನ ಅನುಮಾನ.

ಪಂಕ್ತಿಯನ್ನು ಹೊಗಳುವಾಗ ಪಂಕ್ತಿಭೇದವನ್ನು ಮರೆತರೆ ಅದು ಅಪ್ರಾಮಾಣಿಕತೆ. ಒಳಗಿನ ಪಂಕ್ತಿ, ಹೊರಗಿನ ಪಂಕ್ತಿ, ಅಂಗಳದಾಚೆ ಕೂತು ಕಾಯುವವರು, ಇದನ್ನೆಲ್ಲ ಮಕ್ಕಳು ನೋಡಿಯೇ ಬೆಳೆದರು. 2002ರಲ್ಲಿ ಶುರುವಾದ ಶಾಲೆಯ ಬಿಸಿಯೂಟ ಯೋಜನೆ ಅಕ್ಷರ ದಾಸೋಹಕ್ಕೆ ಅದಕ್ಕೇ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಹೊಟ್ಟೆ ತುಂಬಿಸುವುದರ ಜೊತೆಗೆ ಅದು ಊರಿನ ಮಕ್ಕಳನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿತು. ಪರಿಶಿಷ್ಟ ಜಾತಿಯವರು ಅಡುಗೆ ಮಾಡಿದರೆಂದು ಮಕ್ಕಳನ್ನು ಊಟಕ್ಕೆ ಬಿಡದ ತಂದೆತಾಯಿಗಳ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಅಂಥ ಮನೆಯ ಮಗು ಹಿರಿಯರ ಕಾಲಿಗೆ ಎಷ್ಟು ಚೆಂದ ನಮಸ್ಕರಿಸಿದರೂ ಅದನ್ನು ಸಂಸ್ಕಾರ ಎನ್ನಲು ನನ್ನ ನಾಲಗೆ ಏಳುವುದಿಲ್ಲ. ಮಕ್ಕಳ ಸಾಲಿಗೆ ದೊಡ್ಡವರೂ ಇಳಿಯಬಹುದು. ಮೈಸೂರು ಜಿಲ್ಲೆಯ ಹೆಗ್ಗಡದೇವನ ಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಮೇಷ್ಟ್ರೂ ಮಕ್ಕಳ ಜೊತೆ ನೆಲದ ಮೇಲೆ ಗುಂಪಿನಲ್ಲಿ ಕೂರುತ್ತಾರೆ. ಕುರ್ಚಿ ಬಿಟ್ಟರೆ ಮೇಷ್ಟ್ರಿಗೆ ಬೆಲೆ ಉಳಿಯುವುದಿಲ್ಲ ಎಂದು ಅಳುಕಿದವರಿದ್ದರು. ಉಳಿದಿದೆ.

ಹತ್ತು ದಾಟಿದ ಮಕ್ಕಳಿಗೆ ಪಾಠ ಬೇಡ, ಅವರು ನಮ್ಮ ಪರೀಕ್ಷಕರಾಗಿರುತ್ತಾರೆ. ‘ಅಪ್ಪ ಮನೇಲಿಲ್ಲ ಅಂತ ಹೇಳು’ ಎಂದು ಫೋನು ಕೊಟ್ಟಿದ್ದು, ಪಾರ್ಸೆಲ್ಲು ತಂದವರನ್ನು ಮಳೆಯಲ್ಲಿ ನಿಲ್ಲಿಸಿ ಒಟಿಪಿ ಹುಡುಕಿದ್ದು, ಎಲ್ಲದಕ್ಕೂ ಅವರಲ್ಲಿ ಲೆಕ್ಕವಿದೆ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕೆಲಸದವರು ಸರ್ವಿಸ್ ಲಿಫ್ಟಿನಲ್ಲೇ ಹೋಗಬೇಕೆಂಬ ಬೋರ್ಡು ಇರುತ್ತದೆ. ಹನ್ನೊಂದು ವರ್ಷದ ಹುಡುಗಿ ‘ನಾಯಿಗೆ ಈ ಲಿಫ್ಟು ಓಕೆ, ಅವರಿಗೆ ಯಾಕಿಲ್ಲ’ ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಉತ್ತರ ಹೊಳೆಯದಿದ್ದರೆ ‘ನೀನು ಕೇಳಿದ್ದು ಸರಿ’ ಎಂದಾದರೂ ಹೇಳಿ. ತರಗತಿಯ ವಾಟ್ಸಾಪ್ ಗುಂಪು, ಒಬ್ಬನ ಫೋಟೊಗೆ ಕೋಡು ಮೂಡಿಸಿ ಹಂಚುವುದು, ಅಡ್ಡಹೆಸರು, ಇವೂ ಈ ವಯಸ್ಸಿನವೇ. ಗುಂಪಿನಲ್ಲಿ ಹಾಕುವ ಮುನ್ನ ಅವನ ಮುಖದೆದುರು ಹೇಳಬಲ್ಲೆಯಾ ಎಂಬ ಒಂದು ಪ್ರಶ್ನೆ ಸಾಕು. ಮನೆಯವರ ಗುಂಪಿನಲ್ಲಿ ಮಕ್ಕಳ ಬಾತ್‌ರೂಮ್ ಫೋಟೊಗಳನ್ನು ಹಾಕುವ ಅಪ್ಪ ಅಮ್ಮಂದಿರಿಗೂ ಅದೇ ಪ್ರಶ್ನೆ.

ಹದಿನಾಲ್ಕು ಹದಿನೈದರಲ್ಲಿ ಮಾತು ನಿಲ್ಲುತ್ತದೆ. ಹೂಂ, ಉಹೂಂ, ಗೊತ್ತಿಲ್ಲ. ಇದನ್ನು ಅಗೌರವ ಎಂದು ಎಣಿಸಿ ರಂಪ ಮಾಡುವುದಕ್ಕಿಂತ ನಾವು ಅವರಿಗೆ ತೋರಬೇಕಾದ ಮರ್ಯಾದೆಯ ಬಾಕಿ ಎಷ್ಟಿದೆ ಎಂದು ನೋಡುವುದು ಮೇಲು. ಬಾಗಿಲು ತಟ್ಟಿ ಒಳಗೆ ಹೋಗಿ. ಅವರ ಮೊಡವೆಯ ಬಗ್ಗೆ ಸಭೆಯಲ್ಲಿ ಮಾತಾಡಬೇಡಿ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಕ್ಷೇಮ ಸಮಾಚಾರಕ್ಕೂ ಮುಂಚೆ ‘ಎಷ್ಟು ಪರ್ಸೆಂಟ್?’ ಎನ್ನುವ ನೆಂಟರಿಗಿಂತ ಒರಟಾದ ಮಗುವನ್ನು ನಾನು ಕಂಡಿಲ್ಲ. ಆ ಪ್ರಶ್ನೆಗೆ ಹುಡುಗ ಉತ್ತರಿಸದೆ ಒಳಗೆ ಹೋದರೆ, ದಯವಿಟ್ಟು ‘ಮರ್ಯಾದೆಯಿಲ್ಲದೆ ಬೆಳೆದಿದೆ’ ಎನ್ನಬೇಡಿ.

ಕೊನೆಗೆ, ಈ ವಯಸ್ಸಿನ ಮಕ್ಕಳು ನನ್ನನ್ನು ಕೇಳುವ ಒಂದು ಪ್ರಶ್ನೆ: ನಮ್ಮ ತಾತ ತೋಟದ ಕೆಲಸಕ್ಕೆ ಬರುವ, ತಮ್ಮದೇ ವಯಸ್ಸಿನವರನ್ನು ‘ಲೇ, ಬಾರೋ’ ಎಂದೇ ಕರೆಯುತ್ತಾರೆ. ಹಾಗನ್ನಬೇಡಿ ಎಂದರೆ ತಾತನಿಗೆ ಎದುರು ಮಾತಾಡಿದ ಹಾಗೆ, ಸುಮ್ಮನಿದ್ದರೆ ಅವರಿಗೆ ಅನ್ಯಾಯ. ಏನು ಮಾಡಬೇಕು? ನಾನು ಹೇಳುವುದಿಷ್ಟು: ತಾತನಿಗೆ ಪಾಠ ಹೇಳಲು ಹೋಗಬೇಡಿ, ಎಪ್ಪತ್ತರ ನಾಲಗೆ ತಿರುಗುವುದಿಲ್ಲ, ಜಗಳವಾಗಿ ಮಾತು ದಾರಿ ತಪ್ಪುತ್ತದೆ. ಅವರೆದುರೇ ನೀವು ‘ಬನ್ನಿ, ಕೂತ್ಕೊಳ್ಳಿ, ಕಾಫಿ ತರ್ತೀನಿ’ ಎನ್ನಿ. ಮನೆಯವರು ಕುಡಿಯುವ ಲೋಟದಲ್ಲೇ ತನ್ನಿ. ತಾತ ಗುರುಗುಟ್ಟಬಹುದು, ಬಂದವರು ಮುಜುಗರದಿಂದ ‘ಬ್ಯಾಡ ಬುಡವ್ವಾ’ ಎನ್ನಬಹುದು, ಎರಡನೆಯ ದಿನವೂ ಅನ್ನಿ. ಮನೆಯಲ್ಲಿ ಮೂರು ವರ್ಷದ ತಮ್ಮನೋ ತಂಗಿಯೋ ಇದ್ದರೆ ಅದು ಬಾಗಿಲ ಸಂದಿಯಿಂದ ಕೇಳಿಸಿಕೊಳ್ಳುತ್ತಿರುತ್ತದೆ. ನಾಳೆ ಯಾರಿಗೆ ‘ಬನ್ನಿ’ ಎನ್ನಬೇಕು ಎಂಬ ಅದರ ಲೆಕ್ಕದಲ್ಲಿ ಒಂದು ಹೆಸರು ಹೆಚ್ಚಾಗುತ್ತದೆ.

ಸಮಯ ಮೀರಿದೆ ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಪ್ರಶ್ನೆಗಳಿಗೆ ಹತ್ತು ನಿಮಿಷ ಇದೆಯಂತೆ. ಹಿಂದಿನ ಸಾಲಿನ ಮಕ್ಕಳು ಮೊದಲು ಕೇಳಲಿ.